ವರದಿ ಬರುವ ಮುನ್ನ: ಕಾಯುತ್ತಿರುವ ರೋಗಿಯೂ ಅಭ್ಯಂಗ ಸಂಸ್ಕಾರವೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ ಕಡಕೊಳವನ್ನು ದಾಟಿದ ಮೇಲೆ ತಾಂಡವಪುರ ಸಿಗುತ್ತದೆ. ಚಾಮರಾಜನಗರದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಒಂದು ಚಿಕ್ಕ ನಿಲ್ದಾಣ, ಸುತ್ತ ಹೊಲಗದ್ದೆ, ಅವುಗಳ ನಡುವೆ ಎದ್ದು ನಿಂತಿರುವ ಕಾರ್ಖಾನೆಗಳು. ದುಡಿಮೆಗೆಂದು ಬೇರೆ ಊರುಗಳಿಂದ ಬಂದು ಇಲ್ಲಿ ಬಾಡಿಗೆಯ ಮನೆಗಳಲ್ಲಿ ನೆಲೆಸಿರುವವರಲ್ಲಿ ಕೆಲವು ಕ್ರೈಸ್ತ ಕುಟುಂಬಗಳೂ ಇವೆ. ಗುರುಮಠದ ಬೋಧನೆಯ ಬಿಡುವಿನಲ್ಲಿ ಅವರ ಮನೆಗಳಿಗೆ ಹೋಗಿ ಬರುತ್ತಿದ್ದ ದಿನಗಳಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಆ ತಪ್ಪನ್ನು ದೈವಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಸಂಬಂಧಪಟ್ಟವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಹನ್ನೊಂದು ದಿನ

ಐವತ್ತೈದು ದಾಟಿದ ಒಬ್ಬ ತಾಯಿ. ಸ್ತನದಲ್ಲಿ ಗಂಟು ಕಾಣಿಸಿಕೊಂಡು ಮೂರು ತಿಂಗಳಾದ ಮೇಲೆ ಅದನ್ನು ಸೊಸೆಗೆ ಹೇಳಿದ್ದರು. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ವೈದ್ಯರು ಮುಟ್ಟಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಆಮೇಲೆ ಸೂಜಿಯಿಂದ ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಿದರು. ವಾರ ಹತ್ತು ದಿನಗಳಲ್ಲಿ ವರದಿ ಬರುತ್ತದೆ, ಬಂದ ಕೂಡಲೇ ನಾವೇ ಫೋನ್ ಮಾಡುತ್ತೇವೆ ಎಂದು ಹೇಳಿ ಕಳುಹಿಸಿದರು.

ಮನೆಯವರು ಆಸ್ಪತ್ರೆಯಲ್ಲಿ ಬರೆಸಿದ್ದು ಮಗನ ನಂಬರು. ಮಗ ದುಡಿಯುವ ಕಾರ್ಖಾನೆಯಲ್ಲಿ ಪಾಳಿಗೆ ಒಳಗೆ ಹೋಗುವಾಗ ಫೋನನ್ನು ಗೇಟಿನಲ್ಲಿಯೇ ಒಪ್ಪಿಸಿ ಹೋಗಬೇಕು. ಹಾಗಾಗಿ ಅವನು ಆ ದಿನಗಳಲ್ಲಿ ಫೋನನ್ನು ಮನೆಯಲ್ಲಿಯೇ ತಾಯಿಯ ಬಳಿ ಬಿಟ್ಟು ಹೋಗುತ್ತಿದ್ದ. ಕರೆ ಬಂದರೆ ಪರದೆಯ ಮೇಲಿನ ಹಸಿರು ಗುರುತನ್ನು ಹೇಗೆ ಎಳೆಯಬೇಕೆಂದು ಮೊಮ್ಮಗಳು ಅಜ್ಜಿಗೆ ಕಲಿಸಿಕೊಟ್ಟಿದ್ದಳು. ಫೋನು ಮಾತೆ ಮರಿಯಮ್ಮನವರ ಪ್ರತಿಮೆಯ ಪಕ್ಕದಲ್ಲಿ, ಚಾರ್ಜರಿಗೆ ಸಿಕ್ಕಿಸಿದಂತೆಯೇ ಇರುತ್ತಿತ್ತು. ಕರೆಂಟು ಹೋದಾಗಲೆಲ್ಲ ಆ ತಾಯಿ ಎದ್ದು ಹೋಗಿ ಅದು ಬದುಕಿದೆಯೇ ಎಂದು ನೋಡಿ ಬರುತ್ತಿದ್ದರು. ಸಾಲ ಬೇಕೇ ಎಂದು ಕೇಳುವ ಕಂಪನಿಗಳ ಕರೆ ಬಂದರೂ ಮನೆಯವರೆಲ್ಲರ ಎದೆ ಒಮ್ಮೆ ನಿಂತು ಮುಂದಕ್ಕೆ ಹೋಗುತ್ತಿತ್ತು.

ನಾನು ಆ ಮನೆಗೆ ಹೋದದ್ದು ಮೂರನೆಯ ದಿನ ಸಂಜೆ. ಪಕ್ಕದ ಮನೆಯಾಕೆಯೂ ಅಲ್ಲಿ ಕುಳಿತಿದ್ದರು. ಅವರು ನಂಜನಗೂಡಿನ ಶ್ರೀಕಂಠೇಶ್ವರನ ಒಕ್ಕಲು. ನಂಜುಂಡನು ರೋಗ ಕಳೆಯುವ ದೇವರೆಂಬುದು ಈ ಸೀಮೆಯ ಹಳೆಯ ನಂಬಿಕೆ; ಟಿಪ್ಪು ಸುಲ್ತಾನನು ತನ್ನ ಆನೆಯ ಕಣ್ಣು ವಾಸಿಯಾದುದಕ್ಕಾಗಿ ಆತನನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಐತಿಹ್ಯವನ್ನು ಇಲ್ಲಿ ಎಲ್ಲ ಧರ್ಮದವರೂ ಹೇಳುತ್ತಾರೆ. ಗೆಳತಿಗಾಗಿ ಉರುಳುಸೇವೆ ಮಾಡುತ್ತೇನೆಂದು ಆ ಹೆಂಗಸು ಹರಕೆ ಹೊತ್ತಾಗಿತ್ತು. ಆಕೆಯ ಭಕ್ತಿಗೆ ವರದಿಯ ಅಗತ್ಯ ಬಿದ್ದಿರಲಿಲ್ಲ.

ಹೊರಡುವ ಹೊತ್ತಿಗೆ ತಾಯಿ ಕೇಳಿದರು: “ಸ್ವಾಮಿ, ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ತೀರಲ್ಲ, ಅದನ್ನ ನಂಗೂ ಮಾಡ್ಬುಡಿ.”

ನಾನು ಹೇಳಿದೆ: “ಮೊದಲು ರಿಪೋರ್ಟ್ ಬರಲಿ ಅಮ್ಮ, ಆಮೇಲೆ ನೋಡೋಣ. ಏನೂ ಆಗಿರೋದಿಲ್ಲ, ಧೈರ್ಯವಾಗಿರಿ.”

ಹನ್ನೊಂದನೆಯ ದಿನ ಕರೆ ಬಂದಿತು. ಗಂಟು ಕ್ಯಾನ್ಸರಿನದೇ ಆಗಿತ್ತು. ಮುಂದೆ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಅದರ ಹಿಂದಿನ ಸಂಜೆ ಆಸ್ಪತ್ರೆಗೆ ಹೋಗಿ ವಿಧಿವತ್ತಾಗಿ ಅಭ್ಯಂಗ ಸಂಸ್ಕಾರವನ್ನು ನೀಡಿದೆ. ಎಲ್ಲ ಮುಗಿದ ಮೇಲೆ ಅವರು, ದೂರುವ ದನಿ ಎಳ್ಳಷ್ಟೂ ಇಲ್ಲದೆ, ಹೀಗೆಂದರು: “ಅವತ್ತೇ ಹಚ್ಚಿದ್ರೆ ಆಗ್ತಿತ್ತಲ್ಲ ಸ್ವಾಮಿ. ಇವತ್ತು ನಂಗೆ ಅಷ್ಟು ಭಯ ಇಲ್ಲ. ಭಯ ಇದ್ದದ್ದು ಆವಾಗ.”

ನಾನಾಡಿದ ಎರಡು ಮಾತುಗಳಲ್ಲಿ ಎರಡನೆಯದರ ವಿಷಯ ಬೇಗ ಮುಗಿಯುತ್ತದೆ. ಏನೂ ಆಗಿರುವುದಿಲ್ಲ ಎಂದು ಹೇಳಲು ನನಗೆ ಯಾವ ಆಧಾರವೂ ಇರಲಿಲ್ಲ. ಅದು ಧೈರ್ಯ ತುಂಬುವ ಮಾತಿನ ವೇಷ ತೊಟ್ಟ ಸುಳ್ಳು, ನಾನು ಬೇಗ ಎದ್ದು ಹೊರಡಲು ಅನುಕೂಲವಾದ ಸುಳ್ಳು. ಮೊದಲನೆಯ ಮಾತು ಹಾಗಲ್ಲ. ಅದರ ಹಿಂದೆ ಒಂದು ದೈವಶಾಸ್ತ್ರವೇ ಇತ್ತು, ಅನೇಕ ಗುರುಗಳು ಇಂದಿಗೂ ಪಾಲಿಸುವ ಒಂದು ರೂಢಿ ಇತ್ತು: ರೋಗ ಖಚಿತವಾಗದೆ ಸಂಸ್ಕಾರವಿಲ್ಲ. ಈ ರೂಢಿ ಸರಿಯೇ?

ತುಣುಕು ಎಲ್ಲಿರುತ್ತದೆ?

ಉತ್ತರಿಸುವ ಮೊದಲು ಆ ಹನ್ನೊಂದು ದಿನಗಳಲ್ಲಿ ನಿಜವಾಗಿ ಏನು ನಡೆಯುತ್ತದೆಂದು ತಿಳಿದಿರುವುದು ಒಳ್ಳೆಯದು. ವರದಿ ತಡವಾದಾಗ ನಮ್ಮ ಜನರು ಎರಡು ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ತಡವಾಯಿತು, ಆದ್ದರಿಂದ ಕೆಟ್ಟ ಸುದ್ದಿಯೇ ಇರಬೇಕು ಎಂಬುದು ಒಂದು; ಬಡವರ ಫೈಲು ಯಾರ ಮೇಜಿನ ಮೇಲೋ ಬಿದ್ದಿದೆ ಎಂಬುದು ಇನ್ನೊಂದು. ಇವೆರಡೂ ಸಾಮಾನ್ಯವಾಗಿ ತಪ್ಪು.

ದೇಹದಿಂದ ತೆಗೆದ ತುಣುಕನ್ನು ಮೊದಲು ಫಾರ್ಮಲಿನ್ ದ್ರಾವಣದಲ್ಲಿ ಇಡುತ್ತಾರೆ, ಅದು ಕೊಳೆಯದೆ ಇದ್ದಂತೆಯೇ ಉಳಿಯಲೆಂದು. ಸ್ತನದ ತುಣುಕಾದರೆ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿ ನೆನೆಯಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಅವಸರ ಮಾಡಿದರೆ ಮುಂದಿನ ಪರೀಕ್ಷೆಗಳೇ ಹುಸಿಯಾಗಬಹುದು. ಆಮೇಲೆ ಆಲ್ಕೋಹಾಲಿನಿಂದ ಅದರೊಳಗಿನ ನೀರನ್ನು ತೆಗೆದು, ಕರಗಿದ ಮೇಣವನ್ನು ತುಂಬಿ, ಅಚ್ಚು ಮಾಡುತ್ತಾರೆ. ಆ ಅಚ್ಚನ್ನು ಒಂದು ಮಿಲಿಮೀಟರಿನ ಸಾವಿರದ ನಾಲ್ಕೈದು ಭಾಗದಷ್ಟು ತೆಳುವಾದ ಪದರಗಳಾಗಿ ಹೆರೆದು ಗಾಜಿನ ಮೇಲೆ ಹರಡಿ, ನೀಲಿ ಮತ್ತು ಗುಲಾಬಿ ಬಣ್ಣ ಹಿಡಿಸುತ್ತಾರೆ. ಅನಂತರವೇ ರೋಗಶಾಸ್ತ್ರದ ವೈದ್ಯರು ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವುದು. ಕ್ಯಾನ್ಸರ್ ಕಂಡುಬಂದರೆ ಯಾವ ಔಷಧಿಗೆ ಅದು ಬಗ್ಗುತ್ತದೆಂದು ತಿಳಿಯಲು ಮತ್ತೆ ಬೇರೆ ಬಣ್ಣಗಳ ಪರೀಕ್ಷೆ, ಮತ್ತೆ ಕೆಲವು ದಿನ. ಸಂದೇಹವಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ. ತಡಕ್ಕೆ ಅರ್ಥ ಹಚ್ಚಬೇಡಿ ಎಂದು ಕಾಯುತ್ತಿರುವವರಿಗೆ ಹೇಳಲು ಇಷ್ಟು ತಿಳಿವಳಿಕೆ ಸಾಕು, ಮತ್ತು ಪಾಲನಾ ಸೇವೆಯಲ್ಲಿರುವವರಿಗೆ ಇಷ್ಟಾದರೂ ಇರಬೇಕು.

ಸಿರಾಖನ ಗ್ರಂಥದ 38ನೇ ಅಧ್ಯಾಯವು ವೈದ್ಯರನ್ನು ಗೌರವಿಸಬೇಕೆಂದು ಬೋಧಿಸುವುದನ್ನು ನಾವು ಆಸ್ಪತ್ರೆಗಳ ಹಬ್ಬಗಳಲ್ಲಿ ಓದುತ್ತೇವೆ. ಅದೇ ಅಧ್ಯಾಯದ 14ನೇ ವಚನವನ್ನು ಓದುವುದು ಕಡಿಮೆ. ರೋಗವನ್ನು ಸರಿಯಾಗಿ ಗುರುತಿಸುವ ವರಕ್ಕಾಗಿ ವೈದ್ಯರೂ ದೇವರಲ್ಲಿ ಬೇಡಿಕೊಳ್ಳುತ್ತಾರೆಂದು ಅದು ಹೇಳುತ್ತದೆ. ಗುಣಪಡಿಸುವುದಕ್ಕೆ ಮೊದಲು ಗುರುತಿಸುವುದು. ಆ ಗುರುತಿಸುವಿಕೆಯೇ ಪ್ರಾರ್ಥನೆಯ ವಿಷಯ. ಈ ಸೀಮೆಯ ಧರ್ಮಸಭೆಗೆ ವೈದ್ಯವಿದ್ಯೆ ಎಂದೂ ಪರಕೀಯವಾಗಿರಲಿಲ್ಲ. 1799ರ ನಂತರ ಶ್ರೀರಂಗಪಟ್ಟಣದ ಕ್ರೈಸ್ತರ ನಡುವೆ ಸೇವೆಗೆ ಬಂದ ಅಬ್ಬೆ ದ್ಯುಬುವಾ ಅವರು ಮೈಸೂರು ರಾಜ್ಯದಲ್ಲಿ ಸಿಡುಬಿನ ಲಸಿಕೆಯನ್ನು ಹರಡಲು ಶ್ರಮಿಸಿದವರು. ನಮ್ಮ ಕಷ್ಟ ಇರುವುದು ವೈದ್ಯವಿದ್ಯೆಯನ್ನು ಧಿಕ್ಕರಿಸುವುದರಲ್ಲಿ ಅಲ್ಲ, ಅದರ ವರದಿಗಾಗಿ ಕಾದು ನಮ್ಮ ಕೆಲಸವನ್ನು ಮುಂದೂಡುವುದರಲ್ಲಿ.

ಆಗಿಹೋದುದಕ್ಕಾಗಿ ಪ್ರಾರ್ಥನೆ

ಗುರುಮಠದ ತರಗತಿಯಲ್ಲಿ ಈ ಪ್ರಸಂಗವನ್ನು ಹೇಳಿದಾಗ ಒಬ್ಬ ಸಹೋದರನು ಒಂದು ಕಠಿಣ ಪ್ರಶ್ನೆ ಕೇಳಿದ. ಆ ತುಣುಕಿನಲ್ಲಿ ಇರುವುದು ಆಗಲೇ ಇದೆ. ಕ್ಯಾನ್ಸರಾದರೆ ಕ್ಯಾನ್ಸರು, ಅಲ್ಲವಾದರೆ ಅಲ್ಲ. ವರದಿ ಚೆನ್ನಾಗಿ ಬರಲಿ ಎಂದು ಪ್ರಾರ್ಥಿಸುವುದೆಂದರೆ ಆಗಿಹೋದುದನ್ನು ಬದಲಿಸೆಂದು ಕೇಳಿದಂತಾಗಲಿಲ್ಲವೇ?

ಈ ಪ್ರಶ್ನೆ ಹೊಸದಲ್ಲ. ಯೆಹೂದ್ಯರ ಮಿಷ್ನಾದಲ್ಲಿ ಆಶೀರ್ವಚನಗಳನ್ನು ಕುರಿತ ಭಾಗದ 9ನೇ ಅಧ್ಯಾಯವು ಇದನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಪಯಣದಿಂದ ಹಿಂದಿರುಗುತ್ತಿರುವ ಒಬ್ಬನಿಗೆ ಊರಿನಿಂದ ಗೋಳಾಟದ ಸದ್ದು ಕೇಳಿಸುತ್ತದೆ. ಅದು ತನ್ನ ಮನೆಯಿಂದ ಬಂದಿರದಿರಲಿ ಎಂದು ಅವನು ಬೇಡಿದರೆ ಅದು ವ್ಯರ್ಥ ಪ್ರಾರ್ಥನೆ ಎಂಬುದು ಅಲ್ಲಿನ ನಿರ್ಣಯ. ಫೋನಿನ ಮುಂದೆ ಕುಳಿತ ಯಾವ ಕುಟುಂಬಕ್ಕಾದರೂ ಈ ದೃಷ್ಟಾಂತ ತನ್ನದೇ ಎನಿಸದೆ ಇರದು. ಆ ನಿರ್ಣಯದಲ್ಲಿ ಒಂದು ಪ್ರಾಮಾಣಿಕತೆಯಿದೆ, ಅದನ್ನು ನಾನು ಗೌರವಿಸುತ್ತೇನೆ. ದೇವರನ್ನು ಮಾಂತ್ರಿಕನನ್ನಾಗಿ ಮಾಡಬಾರದೆಂಬ ಎಚ್ಚರ ಅದರಲ್ಲಿದೆ.

ಆದರೂ ಕ್ರೈಸ್ತ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. ಸಂತ ಥಾಮಸ್ ಅಕ್ವಿನಾಸರು ಪ್ರಾರ್ಥನೆಯನ್ನು ಕುರಿತು ಚರ್ಚಿಸುತ್ತಾ, ನಾವು ಬೇಡುವುದು ದೇವರ ಸಂಕಲ್ಪವನ್ನು ತಿದ್ದುವುದಕ್ಕಲ್ಲ, ನಮ್ಮ ಬೇಡಿಕೆಯ ಮೂಲಕವೇ ನೆರವೇರಬೇಕೆಂದು ಆತನು ಸಂಕಲ್ಪಿಸಿದ್ದನ್ನು ಪಡೆಯುವುದಕ್ಕೆ ಎಂದು ವಿವರಿಸುತ್ತಾರೆ. ಕಾಲಾತೀತನಾದ ದೇವರಿಗೆ ನಮ್ಮ ನಿನ್ನೆ ಮತ್ತು ನಾಳೆ ಒಂದೇ ನೋಟದಲ್ಲಿವೆ. ಇಂದು ಬೇಡಿದ್ದನ್ನು ಆತನು ನಿನ್ನೆಯೇ ಕೇಳಿರಬಾರದೆಂದು ಹೇಳಲು ನಾವು ಯಾರು? ತರ್ಕದ ಮಟ್ಟಿಗೆ ಇಷ್ಟು ಉತ್ತರ ಸಾಕು. ನನ್ನನ್ನು ಹೆಚ್ಚು ಒಪ್ಪಿಸುವುದು ಇನ್ನೊಂದು ಸಂಗತಿ. ಕೀರ್ತನೆಗಳಲ್ಲಿ ಮೊರೆಯಿಡುವವರು ಕ್ರಿಯಾಪದದ ಕಾಲವನ್ನು ಪರೀಕ್ಷಿಸಿ ಮೊರೆಯಿಡುವುದಿಲ್ಲ. ಆ ತಾಯಿ “ಗಂಟು ಕೆಟ್ಟದ್ದಾಗಿರದಿರಲಿ” ಎಂದು ಜಪಸರ ಹಿಡಿದಾಗ ಆಕೆಯ ವ್ಯಾಕರಣವನ್ನು ತಿದ್ದುವುದು ಗುರುವಿನ ಕೆಲಸವಲ್ಲ. ಗೆತ್ಸೆಮನಿಯಲ್ಲಿ ಯೇಸುಸ್ವಾಮಿ ಸಾಧ್ಯವಾದರೆ ಪಾತ್ರೆ ತೊಲಗಲಿ ಎಂದು ಬೇಡಿದಾಗ ಯೂದನು ಆಗಲೇ ಹಣ ಎಣಿಸಿಕೊಂಡಾಗಿತ್ತು, ದೀವಟಿಗೆಯ ಜನ ಹೊರಡುತ್ತಿದ್ದರು.

ಹಾಗಿದ್ದರೂ ಸಹೋದರನ ಪ್ರಶ್ನೆಯಿಂದ ಒಂದು ಉಪಕಾರವಾಯಿತು. ನಾನು ಆ ಸಂಜೆ ಅಭ್ಯಂಗವನ್ನು ಮುಂದೂಡಿದಾಗ, ಸಂಸ್ಕಾರವು ಗಂಟಿಗೆ ಕೊಡುವ ಮದ್ದು ಎಂಬಂತೆ ಯೋಚಿಸಿದ್ದೆ. ಗಂಟು ಏನೆಂದು ತಿಳಿಯದೆ ಮದ್ದು ಹೇಗೆ? ಆದರೆ ಸಂಸ್ಕಾರವನ್ನು ಕೊಡುವುದು ಗಂಟಿಗಲ್ಲ.

ಸಂದೇಹದ ಪರವಾಗಿ ಬರೆದ ನಿಯಮ

ಸಂತ ಯಕೋಬರು ತಮ್ಮ ಪತ್ರದ 5ನೇ ಅಧ್ಯಾಯದಲ್ಲಿ, ನಿಮ್ಮಲ್ಲಿ ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಲಿ ಎನ್ನುವಾಗ ಬಳಸುವ ಗ್ರೀಕ್ ಕ್ರಿಯಾಪದದ ಮೂಲಾರ್ಥ ‘ಬಲಹೀನನಾಗಿರು’ ಎಂದು. ಮುಂದಿನ ವಚನದಲ್ಲಿ ಅದೇ ವ್ಯಕ್ತಿಗೆ ಬಳಸುವ ಪದ ಬೇರೆ. ಅದಕ್ಕೆ ‘ದಣಿದವನು’ ಎಂಬ ಅರ್ಥವೂ ಇದೆ, ಹಿಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಅದೇ ಪದ ಮನಸೋತು ಬಳಲುವುದನ್ನು ಸೂಚಿಸುತ್ತದೆ. ಕರೆಸುವವನು ರೋಗಿಯೇ, ತನ್ನ ಬಲಹೀನತೆಯನ್ನು ಅವನೇ ಮೊದಲು ಗುರುತಿಸುತ್ತಾನೆ. ಹಿರಿಯರು ಬರುವ ಮೊದಲು ಯಾರಾದರೂ ಅದನ್ನು ದೃಢೀಕರಿಸಬೇಕೆಂದು ಯಕೋಬರು ಹೇಳುವುದಿಲ್ಲ.

ಮುಂದಿನ ಇತಿಹಾಸ ನಮಗೆ ಗೊತ್ತಿರುವುದೇ. 416ರಲ್ಲಿ ಜಗದ್ಗುರು ಒಂದನೆಯ ಇನ್ನೊಸೆಂಟರು ಗುಬ್ಬಿಯೊದ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಧರ್ಮಾಧ್ಯಕ್ಷರು ಪವಿತ್ರೀಕರಿಸಿದ ಎಣ್ಣೆಯನ್ನು ಅಸ್ವಸ್ಥ ವಿಶ್ವಾಸಿಗಳು ತಾವೇ ಬಳಸಬಹುದೆಂದು ಕಾಣುತ್ತೇವೆ. ಮಧ್ಯಯುಗದಲ್ಲಿ ಅದು ಮರಣಶಯ್ಯೆಯ ಕಡೆಗೆ ಸರಿದು ‘ಕೊನೆಯ ಅಭ್ಯಂಗ’ ಆಯಿತು. 1551ರಲ್ಲಿ ಟ್ರೆಂಟ್ ಮಹಾಸಭೆಯ 14ನೇ ಅಧಿವೇಶನಕ್ಕೆ ಸಿದ್ಧಪಡಿಸಿದ ಕರಡಿನಲ್ಲಿ, ಮರಣದ ಅಂಚಿನಲ್ಲಿರುವವರಿಗೆ ‘ಮಾತ್ರ’ ಎಂಬ ಪದವಿತ್ತು. ಪಿತೃಗಳು ಅದನ್ನು ಹೊಡೆದುಹಾಕಿ ‘ವಿಶೇಷವಾಗಿ’ ಎಂದು ಬರೆದರು. ಒಂದು ಪದದ ಆ ತಿದ್ದುಪಡಿಯಿಂದ ಬಾಗಿಲು ಪೂರ್ತಿ ಮುಚ್ಚದೆ ಉಳಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ ಅದನ್ನು ಅಗಲವಾಗಿ ತೆರೆಯಿತು. ಜಗದ್ಗುರು ಆರನೆಯ ಪೌಲರು 1972ರ ನವೆಂಬರ್ 30ರಂದು ಹೊಸ ವಿಧಿಯನ್ನು ಜಾರಿಗೆ ತಂದರು.

ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಮಾತುಗಳು ಆ ವಿಧಿಯ ಪೀಠಿಕೆಯಲ್ಲಿವೆ. ಕಾಯಿಲೆಯ ತೀವ್ರತೆಯನ್ನು ತೀರ್ಮಾನಿಸಲು ವಿವೇಕಯುತವಾದ ಅಥವಾ ಸಂಭಾವ್ಯವಾದ ಅಂದಾಜು ಸಾಕು, ಅತಿಯಾದ ಶಂಕೆ ಬೇಡ ಎಂದು 8ನೇ ಪರಿಚ್ಛೇದ ಹೇಳುತ್ತದೆ. ಖಚಿತತೆ ಬೇಕೆಂದು ಎಲ್ಲಿಯೂ ಇಲ್ಲ. 6ನೇ ಪರಿಚ್ಛೇದವು ಸಂಸ್ಕಾರದ ಫಲವನ್ನು ವಿವರಿಸುವಾಗ, ದೇವರಲ್ಲಿ ಭರವಸೆ ಬಲಗೊಳ್ಳುವುದನ್ನೂ, ಶೋಧನೆಗಳನ್ನು ಮತ್ತು ಮರಣದ ಕಳವಳವನ್ನು ಎದುರಿಸುವ ಶಕ್ತಿ ದೊರೆಯುವುದನ್ನೂ ಹೆಸರಿಸುತ್ತದೆ. ದೇಹದ ಸ್ವಾಸ್ಥ್ಯವೂ ಆ ಫಲಗಳಲ್ಲಿ ಸೇರಿದೆ, ಅದು ಆತ್ಮದ ರಕ್ಷಣೆಗೆ ಹಿತವಾಗಿದ್ದರೆ. ಮರಣದ ಕಳವಳವು ವರದಿ ಬಂದ ಮೇಲೆ ಹುಟ್ಟುವುದಲ್ಲ. ಆ ತಾಯಿ ಹೇಳಿದಂತೆ ಅದು ಇದ್ದದ್ದು ಆವಾಗ.

ಇನ್ನು ಧರ್ಮಸಭೆಯ ಕಾನೂನು. 1917ರ ಸಂಹಿತೆಯ 941ನೇ ನಿಯಮವು, ರೋಗಿಯು ನಿಜವಾಗಿ ಮರಣಾಪಾಯದಲ್ಲಿದ್ದಾನೆಯೇ ಎಂಬ ಸಂದೇಹವಿದ್ದರೆ ಸಂಸ್ಕಾರವನ್ನು ‘ಷರತ್ತಿನ ಮೇಲೆ’ ನೀಡಬೇಕೆಂದು ವಿಧಿಸಿತ್ತು. ಅಂದರೆ ಎಣ್ಣೆ ಹಚ್ಚುವ ಗುರುವಿನ ಮನಸ್ಸಿನಲ್ಲಿ ‘ನೀನು ನಿಜವಾಗಿ ಅಪಾಯದಲ್ಲಿದ್ದರೆ’ ಎಂಬ ಮಾತು ಇರಬೇಕಾಗಿತ್ತು. ಸಂಸ್ಕಾರವೂ ಒಂದು ರೀತಿಯಲ್ಲಿ ವರದಿಗಾಗಿ ಕಾಯುತ್ತಿತ್ತು. 1983ರ ಸಂಹಿತೆಯ 1005ನೇ ನಿಯಮದಲ್ಲಿ ಅದೇ ಸಂದೇಹದ ಪ್ರಸ್ತಾಪವಿದೆ, ಆದರೆ ಷರತ್ತಿನ ಮಾತು ಇಲ್ಲ. ರೋಗಿ ಅಪಾಯಕರ ಕಾಯಿಲೆಯಲ್ಲಿದ್ದಾನೆಯೇ ಎಂಬುದು ಸಂದೇಹವಾಗಿದ್ದರೆ ಸಂಸ್ಕಾರವನ್ನು ನೀಡಬೇಕು. ನೀಡಬಹುದು ಎಂದಲ್ಲ, ನೀಡಬೇಕು. ಈ ನಿಯಮವನ್ನು ನಾನು ವಿದ್ಯಾರ್ಥಿಯಾಗಿ ಓದಿದ್ದೆ, ಶಿಕ್ಷಕನಾಗಿ ಬೋಧಿಸಿದ್ದೆ. ಪ್ರಜ್ಞೆ ತಪ್ಪಿ ಬಿದ್ದವರಿಗೂ ಉಸಿರು ನಿಂತಿದೆಯೋ ಇಲ್ಲವೋ ತಿಳಿಯದವರಿಗೂ ಅದು ಅನ್ವಯಿಸುತ್ತದೆಂದು ಉದಾಹರಣೆ ಕೊಟ್ಟಿದ್ದೆ. ಫೋನಿನ ಪಕ್ಕದಲ್ಲಿ ಕುಳಿತು ಕಾಫಿ ತಂದುಕೊಟ್ಟ ಹೆಂಗಸು ಆ ನಿಯಮದ ಒಳಗಿದ್ದಾರೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಇದಕ್ಕೆ ಹಿರಿಯ ಗುರುಗಳೊಬ್ಬರು ಎತ್ತಿದ ಆಕ್ಷೇಪ ಹಗುರವಾದುದಲ್ಲ. ಹೀಗೆ ಹೊರಟರೆ ತಲೆನೋವಿಗೂ ಎಣ್ಣೆ ಹಚ್ಚಬೇಕಾದೀತು, ಸಂಸ್ಕಾರದ ಗಾಂಭೀರ್ಯ ಉಳಿಯದು ಎಂದರು. ವರ್ಷಕ್ಕೊಮ್ಮೆ ಮಾಡಿಸುವ ಸಾಮಾನ್ಯ ತಪಾಸಣೆಗೆ ರಕ್ತ ಕೊಟ್ಟು ಬಂದವರಿಗೆ ಅಭ್ಯಂಗ ನೀಡಬೇಕೆಂದು ನಾನೂ ಹೇಳುವುದಿಲ್ಲ. ಅವರಲ್ಲಿರುವುದು ಆತಂಕ, ಅದಕ್ಕೆ ಆಶೀರ್ವಾದವಿದೆ, ಪಾಪನಿವೇದನೆಯಿದೆ, ಪರಮಪ್ರಸಾದವಿದೆ. 1004ನೇ ನಿಯಮವು ಕಾಯಿಲೆ ಅಥವಾ ಮುಪ್ಪಿನಿಂದ ‘ಅಪಾಯಕ್ಕೆ ಒಳಗಾಗತೊಡಗಿದ’ ವಿಶ್ವಾಸಿಯನ್ನು ಕುರಿತು ಮಾತನಾಡುತ್ತದೆ. ಆದರೆ ಗಂಟು ಕೈಗೆ ಸಿಕ್ಕಿದೆ, ವೈದ್ಯರು ಅದನ್ನು ನೋಡಿ ಸಂದೇಹಗೊಂಡಿದ್ದಾರೆ, ಸಂದೇಹ ಗಂಭೀರವಾದುದರಿಂದಲೇ ದೇಹದಿಂದ ತುಣುಕು ತೆಗೆದಿದ್ದಾರೆ. ಇಲ್ಲಿ ಆತಂಕಕ್ಕೆ ಆಧಾರವಿದೆ, ಅದನ್ನು ಕಂಡುಹಿಡಿದವರು ವೈದ್ಯರೇ. ವಿವೇಕಯುತವಾದ ಅಂದಾಜು ಎಂದರೆ ಇನ್ನೇನು? ಗಡಿಯನ್ನು ನಾನು ಅಲ್ಲಿ ಎಳೆಯುತ್ತೇನೆ. ಇನ್ನೂ ಚೆನ್ನಾಗಿ ಎಳೆಯಬಲ್ಲವರು ಈ ಪತ್ರಿಕೆಯಲ್ಲಿ ಬರೆಯಲಿ.

ಗಾಂಭೀರ್ಯದ ಮಾತಿಗೆ ಒಂದು ಮರುಮಾತೂ ಇದೆ. ನಮ್ಮ ಹಳ್ಳಿಗಳಲ್ಲಿ ಗುರುಗಳು ಎಣ್ಣೆಯ ಡಬ್ಬಿ ಹಿಡಿದು ಒಂದು ಮನೆಯೊಳಗೆ ಹೋದರೆ ಬೀದಿಯವರು ಅಳಲು ತೊಡಗುವುದುಂಟು. ಮನೆಯವರು ರೋಗಿಗೆ ಹೆದರಿಕೆಯಾದೀತೆಂದು ಗುರುಗಳನ್ನು ಕರೆಯದೆ ತಡೆದಿಟ್ಟು, ಪ್ರಜ್ಞೆ ತಪ್ಪಿದ ಮೇಲೆ ಹೇಳಿ ಕಳುಹಿಸುತ್ತಾರೆ. ಇದು ಜನರ ಅಜ್ಞಾನವೆಂದು ನಾವು ಬೈಯುತ್ತೇವೆ. ಆದರೆ ಕೆಟ್ಟ ವರದಿ ಬಂದ ಮೇಲೆ ಮಾತ್ರ ಎಣ್ಣೆ ತರುವ ಗುರುವು ಅವರಿಗೆ ಕಲಿಸುವುದೂ ಅದನ್ನೇ. ಆತನ ಎಣ್ಣೆ ಎರಡನೆಯ ವರದಿಯಾಗುತ್ತದೆ. ಕನ್ನಡದಲ್ಲಿ ಅಭ್ಯಂಗ ಎಂಬ ಪದಕ್ಕೆ ಈ ಗತಿ ಬಂದದ್ದು ಇನ್ನೂ ವಿಚಿತ್ರ. ದೀಪಾವಳಿಯ ಬೆಳಗಿನ ಎಣ್ಣೆಸ್ನಾನವೂ ಬಾಣಂತಿ ಮತ್ತು ಕೂಸಿನ ಎಣ್ಣೆನೀರೂ ಈ ಪದದೊಡನೆ ನೆನಪಿಗೆ ಬರುವ ನಾಡು ಇದು. ಬದುಕಲಿರುವವರ ಮೈಗೆ ಹಚ್ಚುವ ಎಣ್ಣೆ ಅದು.

ಕಾಯುವುದು ಎಂಬ ಮಾತು

ಕನ್ನಡದ ‘ಕಾಯು’ ಎಂಬ ಕ್ರಿಯಾಪದವು ಬಸ್ಸಿಗೆ ಕಾಯುವುದಕ್ಕೂ ಸಲ್ಲುತ್ತದೆ, ದನ ಕಾಯುವುದಕ್ಕೂ ಸಲ್ಲುತ್ತದೆ, ಒಲೆಯ ಮೇಲೆ ಎಣ್ಣೆ ಕಾಯುವುದಕ್ಕೂ ಸಲ್ಲುತ್ತದೆ. ಇವು ಬೇರೆ ಬೇರೆ ಧಾತುಗಳೆಂದು ಭಾಷಾಶಾಸ್ತ್ರಜ್ಞರು ವಾದಿಸಬಹುದು. ಭೂತಕಾಲದಲ್ಲಿ ‘ಕಾದ’, ‘ಕಾಯ್ದ’ ಎಂದು ರೂಪಗಳು ಬೇರೆಯಾಗುವುದೂ ಉಂಟು. ಆದರೆ ಆಡುವವನ ಕಿವಿಗೆ ಪದ ಒಂದೇ. ವರದಿಗಾಗಿ ಕಾಯುತ್ತಿರುವವರು ಒಳಗೇ ಕಾಯುತ್ತಿರುತ್ತಾರೆ, ಮತ್ತು ದೇವರೇ ಕಾಯಬೇಕು ಎನ್ನುತ್ತಿರುತ್ತಾರೆ.

ಹಿಬ್ರೂ ಭಾಷೆಯಲ್ಲಿಯೂ ಇದಕ್ಕೆ ಸಮೀಪವಾದ ಒಂದು ಸಂಗತಿಯಿದೆ. 130ನೇ ಕೀರ್ತನೆಯಲ್ಲಿ ಬೆಳಗನ್ನು ಎದುರುನೋಡುವವರಿಗೆ ಬಳಸಿರುವ ಪದವು ‘ಶಾಮರ್’ ಎಂಬ ಧಾತುವಿನಿಂದ ಬಂದುದು. ಅದರ ಅರ್ಥ ಕಾವಲಿರುವುದು. 121ನೇ ಕೀರ್ತನೆಯಲ್ಲಿ ಇದೇ ಧಾತುವು ಆರು ಬಾರಿ ಬರುತ್ತದೆ, ಪ್ರತಿ ಬಾರಿಯೂ ದೇವರನ್ನು ಕುರಿತು. ಇರುಳಿನಲ್ಲಿ ಎಚ್ಚರವಾಗಿರುವ ಕಾವಲುಗಾರನಿಗೂ ನಿದ್ರಿಸದ ದೇವರಿಗೂ ಒಂದೇ ಪದ. ಕಾವಲುಗಾರನು ಬೆಳಗನ್ನು ತರಲಾರನು, ಅದು ಅವನ ಕೆಲಸವೂ ಅಲ್ಲ. ಇರುಳಿನಲ್ಲಿ ಊರಿನ ಜೊತೆ ಎದ್ದಿರುವುದು ಅವನ ಕೆಲಸ. ಮತ್ತಾಯರ ಶುಭಸಂದೇಶದ ಗೆತ್ಸೆಮನಿ ಪ್ರಸಂಗದಲ್ಲಿ ಯೇಸು ಶಿಷ್ಯರಿಂದ ಕೇಳಿದ್ದೂ ಅಷ್ಟನ್ನೇ. ಎಚ್ಚರವಾಗಿರಿ ಎಂಬುದು ಮಾರ್ಕರಲ್ಲಿಯೂ ಇದೆ. ‘ನನ್ನೊಂದಿಗೆ’ ಎಂಬುದನ್ನು ಸೇರಿಸಿದವರು ಮತ್ತಾಯರು. ಆಂಗ್ಲಿಕನ್ ಗುರು ಡಬ್ಲ್ಯೂ. ಎಚ್. ವ್ಯಾನ್‌ಸ್ಟೋನ್ ಅವರು 1982ರಲ್ಲಿ ಪ್ರಕಟಿಸಿದ, ಕಾಯುವಿಕೆಯ ಘನತೆಯನ್ನು ಕುರಿತ ಪುಸ್ತಕದಲ್ಲಿ, ಆ ತೋಪಿನಿಂದ ಮುಂದೆ ಯೇಸು ಮಾಡುವವನಾಗಿ ಉಳಿಯದೆ ಮಾಡಿಸಿಕೊಳ್ಳುವವನಾಗುತ್ತಾನೆಂದು ತೋರಿಸುತ್ತಾರೆ. ಇತರರ ಕೈಗೆ ಒಪ್ಪಿಸಲ್ಪಟ್ಟು, ಅವರ ನಿರ್ಣಯಕ್ಕೆ ಕಾಯುವವನು. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕುಳಿತವರ ಸ್ಥಿತಿಯನ್ನು ಕ್ರಿಸ್ತನು ಹೊರಗಿನಿಂದ ಕಂಡವನಲ್ಲ.

ಬೈಬಲಿನಲ್ಲಿ ಫೋನಿನ ಕರೆಗೆ ಕಾಯುವುದಕ್ಕೆ ತೀರ ಹತ್ತಿರವಾದ ಕಥೆ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯದಲ್ಲಿದೆ. ಬೇಥಾನ್ಯದ ಸಹೋದರಿಯರು ತಮ್ಮ ತಮ್ಮನಾದ ಲಾಜರನ ಕಾಯಿಲೆಯ ಸುದ್ದಿ ಕಳುಹಿಸಿ ಉತ್ತರಕ್ಕೆ ಕಾಯುತ್ತಾರೆ. ಯೇಸು ಇದ್ದಲ್ಲಿಯೇ ಇನ್ನೂ ಎರಡು ದಿನ ಉಳಿಯುತ್ತಾನೆ. ಕಥೆ ಆ ಎರಡು ದಿನ ಯೇಸುವಿನ ಜೊತೆ ಉಳಿಯುತ್ತದೆ. ಬೇಥಾನ್ಯದ ಮನೆಯೊಳಗೆ ಏನಾಯಿತೆಂದು ಯೊವಾನ್ನರು ಬರೆಯುವುದಿಲ್ಲ. ಅಲ್ಲಿ ಏನಾಗಿತ್ತೆಂಬುದು ಮಾರ್ತ ಮತ್ತು ಮರಿಯ ಒಬ್ಬರ ನಂತರ ಒಬ್ಬರು ಬಂದು ಒಂದೇ ಮಾತನ್ನು ಹೇಳುವಾಗ ತಿಳಿಯುತ್ತದೆ. ನೀನು ಇಲ್ಲಿ ಇದ್ದಿದ್ದರೆ ಎಂಬ ಆ ಮಾತನ್ನು ಇಬ್ಬರೂ ಆ ದಿನಗಳಲ್ಲಿ ಒಬ್ಬರಿಗೊಬ್ಬರು ಎಷ್ಟು ಬಾರಿ ಹೇಳಿಕೊಂಡಿದ್ದರೋ. ಯೇಸು ಅದನ್ನು ತಿದ್ದುವುದಿಲ್ಲ, ಕಣ್ಣೀರಿಡುತ್ತಾನೆ. ನಾನು ಸಂಸ್ಕಾರವನ್ನು ತಡಮಾಡಿದ್ದಕ್ಕೆ ಈ ಅಧ್ಯಾಯವನ್ನು ಸಮರ್ಥನೆಯಾಗಿ ಎಳೆದು ತರಲಾರೆ. ಆತನ ತಡದ ಕೊನೆಯಲ್ಲಿ ತೆರೆದ ಸಮಾಧಿಯಿತ್ತು, ನನ್ನದರ ಕೊನೆಯಲ್ಲಿ ಎಂಟು ದಿನಗಳ ನಷ್ಟವಿತ್ತು.

ಈಗ ಯಾರಾದರೂ ತುಣುಕು ಕೊಟ್ಟು ಬಂದು ಕರೆಗಾಗಿ ಕಾಯುತ್ತಿದ್ದಾರೆಂದು ತಿಳಿದರೆ ಎಣ್ಣೆಯನ್ನು ಜೊತೆಗೇ ಒಯ್ಯುತ್ತೇನೆ. ಸಂಸ್ಕಾರವೆಂದರೇನು, ಏನಲ್ಲ ಎಂಬುದನ್ನು ಮೊದಲು ಹೇಳುತ್ತೇನೆ, ಬೇಡವೆಂದರೆ ಒತ್ತಾಯವಿಲ್ಲ. ಬೇಕೆಂದರೆ 130ನೇ ಕೀರ್ತನೆಯನ್ನು ಓದಿ, ಮನೆಯವರೆಲ್ಲರೂ ರೋಗಿಯ ಸುತ್ತ ನಿಂತಿರುವಾಗ, ಹಣೆಗೂ ಕೈಗಳಿಗೂ ಹಚ್ಚುತ್ತೇನೆ. ಆಮೇಲೆ ಶಸ್ತ್ರಚಿಕಿತ್ಸೆ ಬಂದರೆ, ಅಪಾಯ ಹೆಚ್ಚಿದರೆ, ಅದೇ 1004ನೇ ನಿಯಮದ ಎರಡನೆಯ ಭಾಗದಂತೆ ಸಂಸ್ಕಾರವನ್ನು ಮತ್ತೆ ನೀಡಬಹುದು.

ಒಂದು ಪ್ರಶ್ನೆ ಉಳಿಯುತ್ತದೆ: ವರದಿ ಒಳ್ಳೆಯದೇ 

ಬಂದರೆ ನೀಡಿದ ಸಂಸ್ಕಾರದ ಗತಿಯೇನು? ಗುರುವು ಆ ಗಳಿಗೆಯಲ್ಲಿ ತಿಳಿದಿದ್ದುದರ ಮೇಲೆ ವಿವೇಕದಿಂದ ತೀರ್ಮಾನಿಸಿದ್ದರೆ ಪಶ್ಚಾತ್ತಾಪ ಪಡಬೇಕೆಂದು ಧರ್ಮಸಭೆ ಎಲ್ಲಿಯೂ ಹೇಳಿಲ್ಲ. ಕಳೆದ ವರ್ಷ ಅದೇ ಬೀದಿಯಲ್ಲಿ ಬಾಯಿಯ ಹುಣ್ಣಿನಿಂದ ತುಣುಕು ತೆಗೆಸಿಕೊಂಡಿದ್ದ ಲಾರಿ ಚಾಲಕರೊಬ್ಬರಿಗೆ ಅಭ್ಯಂಗ ನೀಡಿದ್ದೆ. ವರದಿಯಲ್ಲಿ ಏನೂ ಇರಲಿಲ್ಲ. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಅವರು ಬಾಗಿಲ ಬಳಿ ನಿಂತು, ಹೆಂಡತಿ ಮೊಣಕೈಯಿಂದ ತಿವಿಯುತ್ತಿದ್ದರೂ ಕೇಳಿಯೇಬಿಟ್ಟರು: “ಫಾದರ್, ಹಚ್ಚಿದ ಎಣ್ಣೆ ವಾಪಸ್ ಕೊಡ್ಬೇಕಾ?” ಬೇಡ, ಇಟ್ಟುಕೊಳ್ಳಿ ಎಂದೆ. ತಂಬಾಕು ಮಾತ್ರ ವಾಪಸ್ ಕೊಡಿ ಎಂದದ್ದಕ್ಕೆ ಜೇಬಿನಿಂದ ಪೊಟ್ಟಣ ತೆಗೆದುಕೊಟ್ಟರು. ಅದರಲ್ಲಿ ಅರ್ಧ ಖಾಲಿಯಾಗಿತ್ತು.